ತಳೇಗಾವಕ್ಕೆ ನೂರು ನಿಮಿಷ

ಪುಣೆಯಲ್ಲಿ ಇಬ್ಬರು ಕನ್ನಡಿಗರು ಮೊದಲ ಸಲ ಭೇಟಿಯಾದರೆ ಮೂರು ಪ್ರಶ್ನೆಗಳು ತಪ್ಪದೆ ಹುಟ್ಟುತ್ತವೆ. ಮೊದಲನೆಯದು "ನಿಮ್ಮ ಊರು ಯಾವುದು?", ಎರಡನೆಯದು "ಇಲ್ಲಿ ಮನೆ ಎಲ್ಲಿ?", ಮೂರನೆಯದು "ಕೆಲಸ ಎಲ್ಲಿ?" ಊರು ಗದಗಿನ ಕಡೆಯದೆಂದು ಹೇಳಿದಾಗ ಕೇಳಿದವರ ಮುಖ ಅರಳುತ್ತದೆ. ಮನೆ ಶುಕ್ರವಾರ ಪೇಠೆಯಲ್ಲಿ, ಮಂಡಈಗೆ ಕೂಗಳತೆಯಲ್ಲಿ ಎಂದಾಗ ಇನ್ನಷ್ಟು ಅರಳುತ್ತದೆ. ಊರ ನಡುವಿನ ಮನೆ, ಕಾಲಬುಡದಲ್ಲಿ ಕಾಯಿಪಲ್ಲೆ, ಇನ್ನೇನು ಬೇಕು! ಆದರೆ ಮೂರನೆಯದಕ್ಕೆ "ತಳೇಗಾವದಲ್ಲಿ" ಎಂದೊಡನೆ ಅದೇ ಮುಖ ಬಾಡಿಹೋಗುತ್ತದೆ. "ಅಯ್ಯೋ, ದಿನಾಲೂ ಹೋಗಿ ಬರ್ತೀರೇನ್ರೀ?" ಎಂದು ಮರುಕದಿಂದ ಕೇಳುತ್ತಾರೆ. "ಸಮೀಪದಲ್ಲಿ ಏನೂ ಸಿಗಲಿಲ್ಲವೇ?" ಎಂದು ಕೇಳುವವರೂ ಉಂಟು.

ಸಮೀಪದಲ್ಲಿ ಸಿಕ್ಕಿತ್ತು. ಸಿಕ್ಕದ್ದನ್ನು ಒಂಬತ್ತು ವರ್ಷ ಮಾಡಿಯೂ ಆಗಿತ್ತು. ಅದನ್ನು ಬಿಟ್ಟು ನಾನು ಈ ದೂರದ ಕೆಲಸಕ್ಕೆ ಹೋದದ್ದು 2017ರಲ್ಲಿ. ನಮ್ಮ ಬಂಧುಬಾಂಧವರಲ್ಲಿ ಎಷ್ಟೋ ಜನ ಇಂದು ಇದೇ ತಕ್ಕಡಿಯನ್ನು ಕೈಯಲ್ಲಿ ಹಿಡಿದು ಕುಳಿತಿದ್ದಾರೆ. ಒಂದು ತಟ್ಟೆಯಲ್ಲಿ ಮನಸ್ಸಿಗೆ ಒಗ್ಗದ ಹತ್ತಿರದ ಕೆಲಸ, ಇನ್ನೊಂದರಲ್ಲಿ ಒಳ್ಳೆಯದೆನಿಸುವ ದೂರದ ಕೆಲಸ. ಅಂಥವರಿಗೆ ಒಂದಿಷ್ಟು ಉಪಯೋಗವಾದೀತೆಂದೂ, ಆ ಹಾದಿಯ ಪರಿಚಯ ಉಳಿದವರಿಗೂ ಆಗಲೆಂದೂ ಈ ನಾಲ್ಕು ಮಾತು.

ನನ್ನ ಹಳೆಯ ಕೆಲಸ ಪೇಠೆಯ ಒಂದು ಖಾಸಗಿ ಕಚೇರಿಯಲ್ಲಿ. ಮನೆಯಿಂದ ನಡೆದರೆ ಹತ್ತೇ ನಿಮಿಷ. ಜಮಾಖರ್ಚು ಬರೆಯುವುದು, ಬಿಲ್ಲು ವಸೂಲಿಯ ಕಾಗದ ಕಳಿಸುವುದು, ಬ್ಯಾಂಕಿಗೆ ಹೋಗಿ ಬರುವುದು, ಹೀಗೆ ಎಲ್ಲ ಕಡೆ ಇರುವಂಥದೇ ಕೆಲಸ. ಕೆಲಸದಲ್ಲಿ ಕೆಡುಕಿರಲಿಲ್ಲ, ಕೆಡುಕಿದ್ದದ್ದು ಅದನ್ನು ಮಾಡಿಸುವ ರೀತಿಯಲ್ಲಿ. ಸಂಬಳಕ್ಕೆ ನಿಶ್ಚಿತ ತಾರೀಖು ಇರಲಿಲ್ಲ. ಹತ್ತನೆಯ ತಾರೀಖಿಗೆ ಅರ್ಧ, ಇಪ್ಪತ್ತಕ್ಕೆ ಉಳಿದರ್ಧ, ಕೆಲವು ತಿಂಗಳು "ಮುಂದಿನ ತಿಂಗಳು ಕೂಡಿಸಿ ಕೊಡೋಣ" ಎಂಬ ಆಶ್ವಾಸನೆ. ಭವಿಷ್ಯನಿಧಿಯ ಮಾತಂತೂ ಎತ್ತುವಂತೆಯೇ ಇರಲಿಲ್ಲ. 1952ರ ಕಾನೂನಿನ ಪ್ರಕಾರ ಇಪ್ಪತ್ತು ಜನರಿದ್ದ ಕಡೆ ಅದು ಕಡ್ಡಾಯವಾಗಿತ್ತು. ಅಲ್ಲಿ ಕುರ್ಚಿಗಳ ಮೇಲೆ ಎಷ್ಟೇ ಜನ ಕುಳಿತಿರಲಿ, ಪುಸ್ತಕದಲ್ಲಿ ಹತ್ತೊಂಬತ್ತೇ ಹೆಸರು!

ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ನನ್ನ ಮನೆ ಹತ್ತಿರವಿದ್ದದ್ದೇ. ಹತ್ತಿರದ ಮನೆಯೆಂದರೆ ಯಜಮಾನರು ಕೂಗಿದರೆ ಕೇಳಿಸುವ ಮನೆ. ರಾತ್ರಿ ಎಂಟಕ್ಕೆ ಎದ್ದು ನಿಂತರೆ "ನಿಮಗೇನು ಅವಸರ? ಮನೆ ಇಲ್ಲೇ ಇದೆಯಲ್ಲ" ಎನ್ನುವರು. ದೂರದಿಂದ ಬರುವವರು ಬಸ್ಸಿನ ಹೆಸರು ಹೇಳಿ ಹೋಗುತ್ತಿದ್ದರು. ಅವರ ಉಳಿದ ಕೆಲಸ ನನ್ನ ಮೇಜಿಗೆ ಬರುತ್ತಿತ್ತು. ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ ತಟ್ಟೆಯ ಮುಂದೆ ಕುಳಿತರೆ ಕಚೇರಿಯ ಹುಡುಗ ಬಾಗಿಲಲ್ಲಿ ನಿಂತಿರುತ್ತಿದ್ದ. ನಂತರದ ವರ್ಷಗಳಲ್ಲಿ ಹುಡುಗನ ಬದಲು ಮೊಬೈಲು ಕೂಗತೊಡಗಿತು, ಅಷ್ಟೇ ವ್ಯತ್ಯಾಸ. ಮನೆಗೆ ಬಂದ ನೆಂಟರು ನನ್ನನ್ನು ನೋಡದೆಯೇ ಊರಿಗೆ ಮರಳಿದ್ದುಂಟು.

ಹೀಗಿರುವಲ್ಲಿ ತಳೇಗಾವದ ಔದ್ಯೋಗಿಕ ವಸಾಹತಿನ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸಿನ ಲೆಕ್ಕ ನೋಡುವ ಕೆಲಸ ಬಂತು. ಸಂಬಳ ತುಸು ಹೆಚ್ಚು, ನಿಶ್ಚಿತ ವೇಳೆ, ತಿಂಗಳ ಮೊದಲ ವಾರದಲ್ಲಿ ಪಗಾರು, ಭವಿಷ್ಯನಿಧಿ, ವರ್ಷಕ್ಕೆ ಇಂತಿಷ್ಟು ರಜೆ. ಮನೆಯಲ್ಲಿ ಮಾತು ಎತ್ತಿದಾಗ ನನ್ನಾಕೆ ಕೇಳಿದಳು, "ಅಲ್ರೀ, ಹತ್ತು ಮಿನೀಟಿನ ನೌಕರಿ ಬಿಟ್ಟು ತಳೇಗಾವಕ್ಕ ಹೋಗೂದಂದ್ರ ಹೆಂಗ? ಹೋಗಲಿಕ್ಕೆ ಎಷ್ಟು ಹೊತ್ತು ಹಿಡೀತದ?" ಕೂಡಿಸಿ ನೋಡಿದೆವು. ಮನೆಯಿಂದ ಶಿವಾಜಿನಗರ ನಿಲ್ದಾಣಕ್ಕೆ, ಅಲ್ಲಿಂದ ಲೋಕಲ್ ಗಾಡಿಯಲ್ಲಿ ಮುಕ್ಕಾಲು ಗಂಟೆ, ತಳೇಗಾವದಲ್ಲಿ ಇಳಿದು ಕಂಪನಿಯ ಬಸ್ಸು. ಗಾಡಿಗಾಗಿ ಕಾಯುವ ವೇಳೆಯೂ ಸೇರಿ ನೂರು ನಿಮಿಷ. ಹತ್ತು ಹೋಗಿ ನೂರಾಯಿತು. "ಒಂದು ಸೊನ್ನಿ ಹೆಚ್ಚಾತು ಅಷ್ಟs" ಎಂದು ಆಕೆ ನಕ್ಕಳು. ಆ ನಗೆಯನ್ನೇ ಒಪ್ಪಿಗೆಯೆಂದು ತಿಳಿದು ರಾಜೀನಾಮೆ ಬರೆದೆ.

ಈಗ ಆ ನೂರು ನಿಮಿಷದ ಹಾದಿಯನ್ನು ತುಸು ನೋಡೋಣ. ಪುಣೆಯಿಂದ ಲೋಣಾವಳೆಗೆ 64 ಕಿಲೋಮೀಟರು. ಘಾಟಿನ ತಲೆಯ ಮೇಲಿರುವ ಖಂಡಾಳೆಯಿಂದ ಪುಣೆಗೆ ರೈಲು ಬಂದದ್ದು 1858ರಲ್ಲಿ. ಆಗಿನ್ನೂ ಬೋರ್ ಘಾಟಿನ ಹಳಿಗಳು ಮುಗಿದಿರಲಿಲ್ಲ. ಮುಂಬಯಿಗೆ ಹೋಗುವವರು ಖಂಡಾಳೆಯಲ್ಲಿ ಇಳಿದು ಪಾಲಕಿಯಲ್ಲೋ ತಟ್ಟುವಿನ ಮೇಲೋ ಗಾಡಿಯಲ್ಲೋ ಘಟ್ಟವಿಳಿದು ಕೆಳಗೆ ಮತ್ತೆ ರೈಲು ಹತ್ತಬೇಕಾಗಿತ್ತು. ಘಾಟಿನ ಹಳಿ ತೆರೆದದ್ದು 1863ರಲ್ಲಿ. ದಿನನಿತ್ಯ ಕೆಲಸಕ್ಕೆ ಹೋಗುವವರ ವಿದ್ಯುತ್ ಲೋಕಲ್ ಪುಣೆ–ಲೋಣಾವಳೆಯ ನಡುವೆ ಓಡತೊಡಗಿದ್ದು 1978ರಲ್ಲಿ. ಗಾಡಿ ನಿಲ್ಲುವ ಒಂದೊಂದು ಊರಿಗೂ ಒಂದೊಂದು ಹೊಟ್ಟೆಪಾಡಿನ ಕಥೆಯಿದೆ.

ಶಿವಾಜಿನಗರ ಬಿಟ್ಟರೆ ಮೊದಲು ಖಡಕಿ. 1817ರ ನವೆಂಬರ 5ರಂದು ಪೇಶವೆಯರ ಸೈನ್ಯಕ್ಕೂ ಇಂಗ್ಲಿಷರಿಗೂ ಕಾಳಗ ನಡೆದದ್ದು ಇಲ್ಲಿಯೇ. ಇಲ್ಲಿಯ ಮದ್ದುಗುಂಡಿನ ಕಾರ್ಖಾನೆ 1869ರದು. ಪುಣೆ ಸೈಕಲ್ಲುಗಳ ಊರೆಂದು ಹೆಸರಾಗಿದ್ದ ಕಾಲದಲ್ಲಿ ಪಾಳಿಯ ಭೋಂಗಾ ಕೂಗಿದೊಡನೆ ಈ ಬೀದಿಗಳಲ್ಲಿ ಸೈಕಲ್ಲಿನ ಹೊಳೆ ಹರಿಯುತ್ತಿತ್ತೆಂದು ಹಿರಿಯರು ಹೇಳುತ್ತಾರೆ. ಮುಳಾ ನದಿ ದಾಟಿದರೆ ದಾಪೋಡಿ, ಆಮೇಲೆ ಕಾಸರವಾಡಿ, ಅದರ ಮುಂದೆ ಪಿಂಪರಿ. ದೇಶವಿಭಜನೆಯ ನಂತರ ಸಿಂಧಿನಿಂದ ಬಂದವರು ನೆಲೆಯೂರಿದ ಊರಿದು. ಭಾರತ ಸರಕಾರ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಇವುಗಳ ನೆರವಿನಿಂದ ಹಿಂದುಸ್ತಾನ್ ಆ್ಯಂಟಿಬಯಾಟಿಕ್ಸ್ ಕಾರ್ಖಾನೆಯನ್ನು 1954ರಲ್ಲಿ ಸ್ಥಾಪಿಸಿ ಪೆನಿಸಿಲಿನ್ ತಯಾರಿಸಿದ್ದು ಪಿಂಪರಿಯಲ್ಲಿ. ಆ ಕಾಲದ ಮೇಲೆ ಈ ಭಾಗದಲ್ಲಿ ಒಂದರ ಬೆನ್ನಿಗೊಂದು ಕಾರ್ಖಾನೆಗಳೆದ್ದವು. ನಮ್ಮ ವಿಜಾಪುರ, ಕಲಬುರ್ಗಿ, ಬೆಳಗಾವಿ ಕಡೆಯ ಎಷ್ಟೋ ಮನೆತನಗಳು ಪುಣೆಯ ಹೆಸರು ಹೇಳಿ ಹೊರಟು ಇಳಿದದ್ದು ಈ ನಿಲ್ದಾಣಗಳಲ್ಲಿಯೇ.

ಚಿಂಚವಾಡ ಮೋರಯಾ ಗೋಸಾವಿಯವರ ಗಣಪತಿಯ ಕ್ಷೇತ್ರ. ಚಾಪೇಕರ ಸಹೋದರರ ಊರೂ ಇದೇ. ಪ್ಲೇಗಿನ ಅಧಿಕಾರಿ ರ್‍ಯಾಂಡನ ಮೇಲೆ ಅವರು ಗುಂಡು ಹಾರಿಸಿದ್ದು 1897ರ ಜೂನ 22ರ ರಾತ್ರಿ. ಮುಂದೆ ಆಕುರ್ಡಿ. ಚೇತಕ್ ಸ್ಕೂಟರು ಪೇಟೆಗೆ ಬಂದದ್ದು 1972ರಲ್ಲಿ. ಒಂದು ಕಾಲಕ್ಕೆ ವರ್ಷಗಟ್ಟಲೆ ಸರದಿ ಕಾದು ಅದನ್ನು ಪಡೆದವರು ನಮ್ಮಲ್ಲಿ ಇನ್ನೂ ಇದ್ದಾರೆ. ಆಕುರ್ಡಿ ಬಂತೆಂದರೆ ಡಬ್ಬಿಯಲ್ಲಿ ಅರ್ಧಕ್ಕರ್ಧ ಜನ ಇಳಿದುಹೋಗುತ್ತಾರೆ. ನಿಂತವರಿಗೆ ಜಾಗ ಸಿಗುತ್ತದೆ, ಕುಳಿತವರಿಗೆ ಕಿಡಿಕಿ ಸಿಗುತ್ತದೆ.

ಅಲ್ಲಿಂದ ಗಾಳಿಯೇ ಬೇರೆ. ದೇಹೂ ರೋಡ ಬರುತ್ತದೆ. ತುಕಾರಾಮ ಮಹಾರಾಜರ ದೇಹೂ ಇಲ್ಲಿಂದ ಕೆಲವೇ ಮೈಲು. ಡಾ. ಅಂಬೇಡಕರರು 1954ರ ದಶಂಬರ 25ರಂದು ಬುದ್ಧನ ಮೂರ್ತಿಯನ್ನು ಸ್ಥಾಪಿಸಿದ್ದೂ ಇದೇ ದೇಹೂ ರೋಡಿನಲ್ಲಿ. ಆಷಾಢ ಬರುತ್ತಿದ್ದಂತೆ ದೇಹೂವಿನಿಂದ ಪಾಲಕಿ ಹೊರಡುತ್ತದೆ. ವಾರಕರಿಗಳು ಪಂಢರಪುರದವರೆಗೆ ನಡೆದೇ ಹೋಗುತ್ತಾರೆ. ಆ ದಿನಗಳಲ್ಲಿ ನಮ್ಮ ಲೋಕಲ್ ಗಾಡಿಯಲ್ಲಿ ತಾಳ, ತುಳಸಿಮಾಲೆ, ಹೆಗಲ ಮೇಲಿನ ಪತಾಕೆ ಕಾಣಿಸುತ್ತವೆ. ಜ್ಞಾನದೇವರ ಹೆಸರಿನ ಅಭಂಗವೊಂದು ವಿಠ್ಠಲನನ್ನು ಕಾನಡಾ, ಕರ್ನಾಟಕದವ ಎಂದೇ ಕರೆಯುತ್ತದೆ. ಪರಊರಿನಲ್ಲಿ ನೆಲೆಯಾದ ಕನ್ನಡಿಗರಲ್ಲಿ ಮೊದಲನೆಯವ ಅವನೇ ಎಂದು ನಾವು ಗಾಡಿಯಲ್ಲಿ ನಗೆಯಾಡುವುದುಂಟು.

ಬೇಗಡೇವಾಡಿ, ಘೋರಾವಾಡಿ ಎಂಬ ಸಣ್ಣ ನಿಲ್ದಾಣಗಳನ್ನು ದಾಟಿದರೆ ತಳೇಗಾವ. ಇದು ಸೇನಾಪತಿ ದಾಭಾಡೆಯವರ ಊರು. ಜನರಿಂದ ಒಂದೊಂದು ಪೈಸೆ ಕೂಡಿಸಿ 'ಪೈಸಾ ಫಂಡ್' ಎಂಬ ಹೆಸರಿನಿಂದ 1908ರಲ್ಲಿ ಗಾಜಿನ ಕಾರ್ಖಾನೆ ತೆರೆದದ್ದು ಇಲ್ಲಿಯೇ. ಸ್ವದೇಶಿಯ ಕಾಲದಲ್ಲಿ ನಾಲ್ಕು ಜನರಿಗೆ ಕೆಲಸವಾಗಲಿ, ನಮ್ಮ ದೀಪಕ್ಕೆ ನಮ್ಮ ಚಿಮಣಿಯಾಗಲಿ ಎಂದು ಬಡವರೂ ಪೈಸೆ ಕೊಟ್ಟಿದ್ದರು. ಇಂದು ತಳೇಗಾವದ ಸುತ್ತ ದೇಶವಿದೇಶಗಳ ಕಂಪನಿಗಳ ದೊಡ್ಡ ದೊಡ್ಡ ಛಾವಣಿಗಳು ಎದ್ದಿವೆ. ಅಂಥ ಒಂದು ಛಾವಣಿಯ ಕೆಳಗೆ ನಟ್ಟು ಬೋಲ್ಟುಗಳ ಲೆಕ್ಕ ಇಡುವವನು ನಾನು.

ಗಾಡಿಯಲ್ಲಿಯ ಜನರ ಬಗ್ಗೆ ಹೇಳದಿದ್ದರೆ ಈ ಹಾದಿಯ ವರ್ಣನೆ ಮುಗಿಯದು. ತಿಂಗಳ ಪಾಸಿನವರದು ಒಂದು ಸಂಸಾರವೇ. ಯಾರು ಎಲ್ಲಿ ಹತ್ತುತ್ತಾರೆ, ಯಾರಿಗೆ ಯಾವ ಮೂಲೆ, ಎಲ್ಲ ಗೊತ್ತು. ಒಬ್ಬರು ಪೇಪರು ಕೊಳ್ಳುತ್ತಾರೆ, ಎಂಟು ಜನ ಓದುತ್ತಾರೆ. ಎದುರು ದಿಕ್ಕಿನ ಗಾಡಿಗಳಲ್ಲಿ ಮಾವಳದ ರೈತರ ಹಾಲಿನ ಕ್ಯಾನು, ಕಾಯಿಪಲ್ಲೆಯ ಗಂಟು, ಕಾಲೇಜಿನ ಹುಡುಗರು. ನಮ್ಮ ಡಬ್ಬಿಯಲ್ಲಿ ಇಂಡಿ ತಾಲೂಕಿನವರೊಬ್ಬರಿದ್ದರು. ಎಲ್ಲರೂ ಅವರನ್ನು ಇಂಡಿ ಕಾಕಾ ಎನ್ನುತ್ತಿದ್ದೆವು. ಮೂವತ್ತು ವರ್ಷ ಇದೇ ಹಳಿಯ ಮೇಲೆ ಓಡಾಡಿದವರು. ಹೊಸದರಲ್ಲಿ ನಾನು ಗಾಡಿ ತಡವಾಯಿತೆಂದು ಗೊಣಗುತ್ತಿದ್ದಾಗ ಅವರೆಂದರು, "ತಮ್ಮಾ, ಈ ಗಾಡಿ ಎಷ್ಟೋ ಸಲ ತಡಾ ಮಾಡ್ಯದ. ಆದ್ರ ಮೂವತ್ತು ವರ್ಷದಾಗ ಒಂದು ಸಲನೂ ನನಗ ಬೈದಿಲ್ಲ." ಹಳೆಯ ಕಚೇರಿಯಿಂದ ಆಗತಾನೆ ಹೊರಬಿದ್ದವನಿಗೆ ಆ ಮಾತಿನ ಬೆಲೆ ತಿಳಿಯಿತು.

ನಮ್ಮ ನೂರು ನಿಮಿಷ ದೊಡ್ಡದೆಂದು ತಿಳಿಯುವವರು ಒಮ್ಮೆ ಬೆಳಿಗ್ಗೆ ಪುಣೆ ಸ್ಟೇಶನ್ನಿಗೆ ಹೋಗಿ ದಖ್ಖನ್ ಕ್ವೀನ್ ಹತ್ತುವವರನ್ನು ನೋಡಬೇಕು. 1930ರ ಜೂನ 1ರಂದು ಪ್ರಾರಂಭವಾದ ಈ ಗಾಡಿ ಮುಂಬಯಿಗೆ 192 ಕಿಲೋಮೀಟರನ್ನು ಮೂರು ಗಂಟೆಯ ಮೇಲೆ ಕೆಲವು ನಿಮಿಷಗಳಲ್ಲಿ ಮುಟ್ಟುತ್ತದೆ. ಪುಣೆಯಲ್ಲಿ ಮನೆ, ಮುಂಬಯಿಯಲ್ಲಿ ಕಚೇರಿ ಇಟ್ಟುಕೊಂಡು ದಿನಕ್ಕೆ ಆರು ತಾಸಿಗೂ ಮೇಲೆ ಅದರಲ್ಲಿ ಕಳೆದ ಪಾಸಿನವರ ಪೀಳಿಗೆಗಳೇ ಆಗಿಹೋಗಿವೆ. ಗಾಡಿಗೇ ಊಟದ ಡಬ್ಬಿ ಜೋಡಿಸಿದೆ. ಜೂನ ಒಂದರಂದು ಪ್ರಯಾಣಿಕರು ಕೇಕು ಕತ್ತರಿಸಿ ಅದರ ಹುಟ್ಟುಹಬ್ಬ ಮಾಡುತ್ತಾರೆ. ಕಚೇರಿಯ ಹುಟ್ಟುಹಬ್ಬವನ್ನು ಇಷ್ಟು ಸಂತೋಷದಿಂದ ಮಾಡಿದವರನ್ನು ನಾನಂತೂ ಕಂಡಿಲ್ಲ!

ಇನ್ನು ಲೆಕ್ಕದ ವಿಚಾರ. ಹೊಸ ಕೆಲಸಕ್ಕೆ ಹತ್ತಿ ಆರು ತಿಂಗಳಾದ ಮೇಲೆ, ಒಂದು ಭಾನುವಾರ (ಆಗ ಭಾನುವಾರ ನನ್ನದಾಗಿತ್ತು) ನಾನೂ ನನ್ನಾಕೆಯೂ ವಹಿ ತೆಗೆದು ಕುಳಿತೆವು. ಹಳೆಯ ಕೆಲಸದ ಒಂದು ವಾರ: ಬೆಳಿಗ್ಗೆ ಪೌಣೆ ಹತ್ತರಿಂದ ರಾತ್ರಿ ಪೌಣೆ ಒಂಬತ್ತರವರೆಗೆ ದಿನಕ್ಕೆ 11 ತಾಸು, ಆರು ದಿನಕ್ಕೆ 66. ಭಾನುವಾರದ ಕರೆಗೆ 3. ನಡೆದು ಹೋಗಿ ಬರುವುದಕ್ಕೆ ದಿನಕ್ಕೆ ಇಪ್ಪತ್ತು ನಿಮಿಷದಂತೆ ಏಳು ದಿನಕ್ಕೆ ಎರಡು ತಾಸು ಇಪ್ಪತ್ತು ನಿಮಿಷ. ಒಟ್ಟು 71 ತಾಸು 20 ನಿಮಿಷ. ಹೊಸ ಕೆಲಸದ ವಾರ: ಎಂಟೂವರೆಯಿಂದ ಐದರವರೆಗೆ ದಿನಕ್ಕೆ ಎಂಟೂವರೆ ತಾಸು, ಆರು ದಿನಕ್ಕೆ 51. ಹೋಗಿ ಬರುವ ದಾರಿ ದಿನಕ್ಕೆ 3 ತಾಸು 20 ನಿಮಿಷ, ಆರು ದಿನಕ್ಕೆ 20 ತಾಸು. ಒಟ್ಟು 71 ತಾಸು. ಹತ್ತು ನಿಮಿಷದ ಕೆಲಸಕ್ಕೂ ನೂರು ನಿಮಿಷದ ಕೆಲಸಕ್ಕೂ ವಾರಕ್ಕೆ ಮನೆಯ ಹೊರಗಿರುವ ವೇಳೆಯಲ್ಲಿ ವ್ಯತ್ಯಾಸ ಇಪ್ಪತ್ತು ನಿಮಿಷ. ಅದೂ ದೂರದ ಕೆಲಸಕ್ಕೇ ಲಾಭ!

ನನ್ನಾಕೆ ವಹಿಯನ್ನು ತನ್ನ ಕಡೆ ಎಳೆದುಕೊಂಡು ಮೂರನೆಯ ಗೆರೆ ಹಾಕಿದಳು. "ಲೆಕ್ಕ ಛಲೋ ಕೂಡ್ಯದ. ಇನ್ನ ನಂದು ಬರೀರಿ. ಮೊದಲ ಆರಕ್ಕ ಏಳತಿದ್ದೆ, ಈಗ ಪಾವಣೆ ಐದು. ನಿಮ್ಮ ಡಬ್ಬಿ ಕಟ್ಟಿ, ಮಗಳ್ನ ಎಬ್ಬಿಸಿ, ನನ್ನ ಸಾಲಿಗೆ ಹೋಗಬೇಕು. ನೀವು ಗಾಡ್ಯಾಗ ಒಂದು ನಿದ್ದಿ ಮಾಡ್ತೀರಿ. ನನಗ ಸಾಲ್ಯಾಗ ನಿದ್ದಿ ಮಾಡ್ಲಿಕ್ಕೆ ಬರಂಗಿಲ್ಲ." ಮಾತು ಸಿಟ್ಟಿನದಲ್ಲ, ಲೆಕ್ಕದ್ದು. ಗಂಡಸಿನ ದೂರದ ಕೆಲಸದ ಮೊದಲ ಕಂತನ್ನು ಬೆಳಗಿನ ಜಾವದಲ್ಲಿ ಅಡಿಗೆಮನೆ ತುಂಬುತ್ತದೆ. ಕೆಲಸ ಬದಲಿಸುವವರು ಸಂಬಳ ಕೂಡಿಸುತ್ತಾರೆ, ಪಾಸಿನ ದರ ಕಳೆಯುತ್ತಾರೆ. ಈ ಮೂರನೆಯ ಪಟ್ಟಿಯನ್ನು ಬರೆದು ನೋಡಿದವರು ವಿರಳ.

ಬರೆದ ಮೇಲೆ ದಾರಿಯೂ ಹೊಳೆಯಿತು. ಉತ್ತರ ಕರ್ನಾಟಕದವರಿಗೆ ಪ್ರವಾಸದ ಬುತ್ತಿ ಹೊಸದೇ? ವಾರದಲ್ಲಿ ಮೂರು ದಿನ ಡಬ್ಬಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು, ಒಂದು ಉಳ್ಳಾಗಡ್ಡಿ. ಒಲೆ ಹಚ್ಚುವ ಕಾರಣವಿಲ್ಲ. ಉಳಿದ ದಿನಗಳ ಕಾಯಿಪಲ್ಲೆಯನ್ನು ರಾತ್ರಿಯೇ ಹೆಚ್ಚಿಡುವ ಕೆಲಸ ನನ್ನದು. ನೀರು ತುಂಬುವುದು ಮಗಳದು. ಪೌಣೆ ಐದು ಎಂಬುದು ಐದೂವರೆಗೆ ಬಂದು ನಿಂತಿತು, ಆರಕ್ಕೆ ಮರಳಲಿಲ್ಲ. ಆ ಅರ್ಧ ತಾಸಿನ ಸಾಲ ನನ್ನ ಹೆಸರಿನಲ್ಲಿ ಇನ್ನೂ ಇದೆ.

"ತಳೇಗಾವದಲ್ಲೇ ಮನೆ ಮಾಡಬಾರದೇ?" ಎಂದು ಕೇಳಿದವರು ಬಹಳ. ಅದನ್ನೂ ಯೋಚಿಸಿದೆವು. ಮನೆ ಅಲ್ಲಿಗೆ ಹೋದರೆ ಆಕೆಯ ಶಾಲೆಯೂ ಮಗಳ ಶಾಲೆಯೂ ಇಲ್ಲಿಯೇ ಉಳಿಯುತ್ತವೆ. ಒಬ್ಬನ ನೂರು ನಿಮಿಷವನ್ನು ತೆಗೆದು ಇಬ್ಬರ ತಲೆಗೆ ಕಟ್ಟಿದಂತೆ. ಆದ್ದರಿಂದ ಮನೆ ಇದ್ದಲ್ಲಿಯೇ ಇತ್ತು.

ಲಾಭವೇನೆಂದು ಕೇಳಿದರೆ, ಸಂಜೆ. ಐದಕ್ಕೆ ಕಾರ್ಖಾನೆಯ ಗಂಟೆ ಹೊಡೆಯುತ್ತದೆ. ಕಂಪನಿಯ ಬಸ್ಸು ಯಾರಿಗಾಗಿಯೂ ಕಾಯುವುದಿಲ್ಲ, ಗಾಡಿಯೂ ಕಾಯುವುದಿಲ್ಲ. "ನನ್ನ ಗಾಡಿಯ ಹೊತ್ತಾಯಿತು" ಎಂದರೆ ದೊಡ್ಡ ಸಾಹೇಬರೂ ಎದ್ದು ದಾರಿ ಬಿಡುತ್ತಾರೆ. ಹಳೆಯ ಕಚೇರಿಯಲ್ಲಿ ಒಂಬತ್ತು ವರ್ಷ ನಾನು ಹುಡುಕಿದ ನೆಪ ಇದೊಂದೇ! ಏಳು ಗಂಟೆಯ ಒಳಗೆ ಮನೆ. ಆಗ ಮಗಳು ಎರಡನೆಯ ಇಯತ್ತೆಯಲ್ಲಿದ್ದಳು. ಶಾಲೆಯಲ್ಲಿ ಮರಾಠಿ, ಇಂಗ್ಲಿಷು. ಮನೆಯಲ್ಲಿ ಕನ್ನಡ ಮಾತು ಉಂಟು, ಅಕ್ಷರ ಇಲ್ಲ. ಅಜ್ಜಿಯ ಕಾಗದವನ್ನು ಯಾರಾದರೂ ಓದಿ ಹೇಳಬೇಕು. ಊಟಕ್ಕೆ ಮೊದಲಿನ ಅರ್ಧ ತಾಸು ನಾವಿಬ್ಬರೂ ಪಾಟಿ ಹಿಡಿದು ಕುಳಿತೆವು. ಅ ಆ ಇ ಈ ಮುಗಿಯಿತು, ಕಾಗುಣಿತ ಮುಗಿಯಿತು, ಒತ್ತಕ್ಷರಕ್ಕೆ ಬಂದಾಗ ಅತ್ತಳು, ಮತ್ತೆ ಕುಳಿತಳು. ಎರಡನೆಯ ವರ್ಷದ ಬೇಸಿಗೆಯಲ್ಲಿ ಊರಿಗೆ ಹೋದಾಗ ಗದಗಿನ ಅಂಗಡಿಗಳ ಬೋರ್ಡುಗಳನ್ನು ಒಂದೊಂದಾಗಿ ಓದಿ ಅಜ್ಜಿಯನ್ನು ಬೆರಗುಗೊಳಿಸಿದಳು. ಹತ್ತು ನಿಮಿಷದ ದೂರದಲ್ಲಿದ್ದಾಗ ಈ ಅರ್ಧ ತಾಸು ನನಗೆ ಸಿಕ್ಕಿರಲಿಲ್ಲ.

ಹಾದಿಯೆಲ್ಲ ಹೂವಿನದೆಂದು ಯಾರೂ ತಿಳಿಯಬಾರದು. ಮಳೆಗಾಲದಲ್ಲಿ ಗಾಡಿಗಳು ಸಾಲಾಗಿ ನಿಂತು ಮನೆ ಮುಟ್ಟಲು ರಾತ್ರಿ ಹತ್ತಾದ ದಿನಗಳುಂಟು. ಒಂದು ಗಾಡಿ ತಪ್ಪಿದರೆ ಮುಂದಿನದಕ್ಕೆ ತಾಸಿನ ಮೇಲೂ ಕಾಯಬೇಕು; ಇದು ಮುಂಬಯಿಯ ಲೋಕಲ್ ಅಲ್ಲ. 2020ರ ಮಾರ್ಚಿನಲ್ಲಿ ಮಹಾಮಾರಿಯಿಂದ ಗಾಡಿಗಳೇ ನಿಂತವು. ಕಾರ್ಖಾನೆ ಮತ್ತೆ ತೆರೆದಾಗಲೂ ನಮ್ಮಂಥವರಿಗೆ ಲೋಕಲ್ ಇರಲಿಲ್ಲ. ನಾಲ್ಕು ಜನ ಕೂಡಿ ಬಾಡಿಗೆಯ ಮೋಟಾರು ಮಾಡಿ ತಿಂಗಳುಗಟ್ಟಲೆ ಹಳೆಯ ಮುಂಬಯಿ ರಸ್ತೆಯಲ್ಲಿ ಓಡಾಡಿದೆವು. ಸಂಬಳದಲ್ಲಿ ಹೆಚ್ಚಾದದ್ದೆಲ್ಲ ಆ ವರ್ಷ ಪೆಟ್ರೋಲಿಗೆ ಹೋಯಿತು. ಒಂದೇ ಗಾಡಿಯನ್ನು ನಂಬಿ ಬದುಕು ಕಟ್ಟುವವರು ಇಂಥ ದಿನಕ್ಕಾಗಿ ಒಂದಿಷ್ಟು ಗಂಟು ಬೇರೆ ಇಡಬೇಕು. ಹಾಗೆಯೇ ಹಿಂಜವಡಿಯ ಕಡೆ ಕಂಪ್ಯೂಟರು ಕೆಲಸಕ್ಕೆ ಹೋಗುವ ನಮ್ಮ ತರುಣರ ಸ್ಥಿತಿ ನೋಡಿದರೆ, ಎಲ್ಲ ದೂರವೂ ಒಂದೇ ಅಲ್ಲವೆಂಬುದು ತಿಳಿಯುತ್ತದೆ. ಗಾಡಿಯಲ್ಲಿ ಕುಳಿತು ಓದುತ್ತ, ತೂಕಡಿಸುತ್ತ ಹೋಗುವ ತಾಸು ಬೇರೆ. ರಸ್ತೆಯ ಗದ್ದಲದಲ್ಲಿ ಹ್ಯಾಂಡಲ್ ಹಿಡಿದು ಹೊಗೆ ಕುಡಿಯುವ ತಾಸು ಬೇರೆ. ಶಿವಾಜಿನಗರದವರೆಗೆ ನಾನು ಮೊದಲು ಸೈಕಲ್ಲಿನಲ್ಲಿ ಹೋಗುತ್ತಿದ್ದೆ. 2024ರ ಸಪ್ಟೆಂಬರ 29ರಂದು ಸ್ವಾರಗೇಟಿನ ನೆಲದಡಿಯ ಮೆಟ್ರೋ ತೆರೆದ ಮೇಲೆ ಮಂಡಈಯಲ್ಲಿ ಇಳಿದು ಹೊಕ್ಕರೆ ಮೂರನೆಯ ನಿಲ್ದಾಣವೇ ಶಿವಾಜಿನಗರ. ಮಳೆಯಲ್ಲಿ ನೆನೆಯುವುದು ತಪ್ಪಿತು.

ಒಂದು ವಿಚಾರ ಗಾಡಿಯಲ್ಲಿ ಕುಳಿತಾಗ ಮೇಲಿಂದ ಮೇಲೆ ಬರುತ್ತದೆ. ಒಳ್ಳೆಯ ಕೆಲಸಕ್ಕಾಗಿ ದೂರ ಹೋಗುವುದು ನಮ್ಮಲ್ಲಿ ಇಂದಿನದಲ್ಲ. 1956ರ ನವೆಂಬರ 1ಕ್ಕೆ ಮೊದಲು ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಸೀಮೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಕಾಲೇಜು, ಕಚೇರಿ, ಕಾರ್ಖಾನೆ ಎಂದರೆ ಪುಣೆಯ ದಾರಿ. ಬೇಂದ್ರೆಯವರು ಇಲ್ಲಿಯ ಫರ್ಗ್ಯುಸನ್ ಕಾಲೇಜಿನಿಂದ 1918ರಲ್ಲಿ ಬಿ.ಎ. ಆದರು. ಗೋಕಾಕರು ಅದೇ ಕಾಲೇಜಿನಲ್ಲಿ ಕಲಿಸಿದರು. ಗದಗಿನ ಭೀಮಸೇನ ಜೋಶಿಯವರು ಹನ್ನೊಂದು ವರ್ಷದ ಹುಡುಗನಾಗಿದ್ದಾಗ ಗುರುವನ್ನು ಹುಡುಕಿ ಮನೆ ಬಿಟ್ಟು ರೈಲು ಹತ್ತಿದವರು. ಕಡೆಗೆ ಪುಣೆಯಲ್ಲಿ ನೆಲೆಸಿ, ಗುರು ಸವಾಯಿ ಗಂಧರ್ವರ ಹೆಸರಿನ ಸಂಗೀತೋತ್ಸವವನ್ನು 1953ರಲ್ಲಿ ಪ್ರಾರಂಭಿಸಿದರು. ಇವರು ದೊಡ್ಡವರು. ನಮ್ಮ ತಂದೆ ಸಣ್ಣವರು. ಗದಗಿನ ಅರಳೆಯ ಅಡತಿ ಅಂಗಡಿಯಲ್ಲಿ ಗುಮಾಸ್ತೆಯಾಗಿದ್ದವರು ಒಂದು ದಿನ ಹಾಸಿಗೆ ಸುತ್ತಿಕೊಂಡು ಹೊಟಗಿಯವರೆಗೆ ಸಣ್ಣ ಗಾಡಿ, ಅಲ್ಲಿಂದ ಸೋಲಾಪುರದ ಮೇಲೆ ದೊಡ್ಡ ಗಾಡಿ ಹಿಡಿದು ಇಲ್ಲಿಗೆ ಬಂದರು. ಅಡತಿ ಅಂಗಡಿ ಮನೆಯಿಂದ ಎಷ್ಟು ದೂರವಿತ್ತೆಂದು ಒಮ್ಮೆ ಕೇಳಿದೆ. "ಎದುರು ಮನಿ" ಎಂದರು. ಯಾಕೆ ಬಿಟ್ಟಿರೆಂದು ಕೇಳಲಿಲ್ಲ.

ಈಗ ತಕ್ಕಡಿ ಹಿಡಿದು ಕುಳಿತವರಿಗೆ ಎರಡು ಮಾತು. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಸುಳ್ಳಲ್ಲ. ಹೊಸ ಕಚೇರಿಯ ಬಗ್ಗೆ ಅಲ್ಲಿಯ ಕೆಳಗಿನ ನೌಕರರನ್ನೇ ವಿಚಾರಿಸಿರಿ. ಕಿಲೋಮೀಟರು ಎಷ್ಟೆಂದು ಕೇಳುವುದಕ್ಕಿಂತ ಸಂಜೆಯ ಗಾಡಿ ಎಷ್ಟಕ್ಕೆ, ಅದು ತಪ್ಪಿದರೆ ಮುಂದಿನದು ಎಷ್ಟಕ್ಕೆ ಎಂದು ಕೇಳಿರಿ. ಸೇರುವ ಮೊದಲು ಒಂದು ವಾರವಾದರೂ ಅದೇ ವೇಳೆಗೆ ಆ ಹಾದಿಯಲ್ಲಿ ಹೋಗಿ ಬನ್ನಿರಿ. ಸಂಬಳದ ತಾರೀಖು, ಭವಿಷ್ಯನಿಧಿ ಕಾಗದದಲ್ಲಿ ಬರೆದಿವೆಯೇ ನೋಡಿರಿ. ಎಲ್ಲಕ್ಕೂ ಮೊದಲು ಮನೆಯವರನ್ನು ಕೂಡಿಸಿಕೊಂಡು ಮೂರು ಪಟ್ಟಿಯ ಲೆಕ್ಕ ಹಾಕಿರಿ. ಮೂರನೆಯದು ತೀರ ಭಾರವಾಗುವಂತಿದ್ದರೆ ಎಷ್ಟು ಒಳ್ಳೆಯ ಕೆಲಸವಾದರೂ ಬಿಡುವುದೇ ಮೇಲು.

ಕೆಲಸದ ಗೊಡವೆಯಿಲ್ಲದವರೂ ಶ್ರಾವಣದ ಒಂದು ಭಾನುವಾರ ಮಕ್ಕಳುಮರಿ ಕಟ್ಟಿಕೊಂಡು ಬೆಳಗಿನ ಲೋಕಲ್ ಹಿಡಿಯಿರಿ. ತಳೇಗಾವ ದಾಟಿ ವಡಗಾವ, ಕಾಮಶೇತದ ಮೇಲೆ ಮಳವಲಿಯವರೆಗೆ ಹೋಗಿರಿ. ಇಂದ್ರಾಯಣಿಯ ಕಣಿವೆಯಲ್ಲಿ ಭತ್ತದ ಗದ್ದೆಗಳು ಹಸಿರಾಗಿರುತ್ತವೆ. ಮಳವಲಿಯಿಂದ ಒಂದು ಕಡೆ ಭಾಜೆಯ ಗುಹೆಗಳು, ಇನ್ನೊಂದು ಕಡೆ ಕಾರ್ಲೆಯವು. ಮೇಲೆ ಮೋಡದಲ್ಲಿ ಲೋಹಗಡ. ಬುತ್ತಿಗೆ ಖಡಕ್ ರೊಟ್ಟಿ ಸಾಕು. ಬರುವಾಗ ಹೊಸ ಇಂದ್ರಾಯಣಿ ಅಕ್ಕಿ ಸಿಗದು, ಅದಕ್ಕೆ ದೀಪಾವಳಿಯ ಮೇಲೆ ಇನ್ನೊಮ್ಮೆ ಹೋಗಬೇಕು. ಅದರ ಅನ್ನ ತುಸು ಅಂಟು, ಪರಿಮಳ ಬಹಳ. ಬಿಸಿ ಸಾರಿಗೆ ಚೆನ್ನಾಗಿ ಕೂಡುತ್ತದೆ.